ಬೇಲಿಯಾಚೆಗೆ ಕೇಳಿಸಿದ ಪ್ರಾರ್ಥನೆ

ನಮ್ಮ ಅತ್ತೆಗೆ ಗೊತ್ತುಗುರಿಯಿಲ್ಲದ ಮೋಘಮ್ ಪ್ರಾರ್ಥನೆ ಸೇರುವುದಿಲ್ಲ. "ದೇವರೇ, ಎಲ್ಲರಿಗೂ ಒಳ್ಳೆಯದು ಮಾಡು" ಎಂದು ಯಾರಾದರೂ ಮುಗಿಸಿಬಿಟ್ಟರೆ, ಮುಚ್ಚಿದ ಕಣ್ಣು ತೆರೆದು ಅಲ್ಲೇ ಹಿಡಿದು ಕೇಳುತ್ತಾರೆ. "ಎಲ್ಲಾರಿಗೂ ಅಂದ್ರ ಯಾರಿಗೆ? ಒಳ್ಳೇದು ಅಂದ್ರ ಏನು? ಅಂಗಡಿಗೆ ಹೋಗಿ ಏನರ ಕೊಡ್ರಿ ಅಂತೀರೇನು?" ಯಾರಿಗಾಗಿ ಬೇಡುತ್ತೀಯೋ ಅವರ ಹೆಸರು ಹೇಳಬೇಕು. ಅವರಿಗೆ ಏನು ಕೊರತೆ ಎಂಬುದನ್ನು ಬಿಡಿಸಿ ಹೇಳಬೇಕು. ಅದೂ ಮನಸ್ಸಿನಲ್ಲಲ್ಲ, ಬಾಯಿಬಿಟ್ಟು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅಂಗಳದಲ್ಲಿ ಚಾಪೆ ಹಾಸಿ, ಮನೆಮಂದಿಯೆಲ್ಲ ಕೂತು, ಒಬ್ಬೊಬ್ಬರು ಒಂದೊಂದು ಬೇಡಿಕೆ ಹೇಳಿ, ಕೊನೆಗೆ ಎಲ್ಲರೂ ಕೂಡಿ ಆಮೆನ್ ಎನ್ನಬೇಕು. ಇದು ನಮ್ಮ ಮನೆಯ ಕಾಯಿದೆ.

ಅಥಣಿ ತಾಲೂಕಿನ ಅನಂತಪುರದ ಬದಿಗೆ ನಮ್ಮ ತೋಟ. ತೋಟವೆಂದರೆ ದೊಡ್ಡದೇನಲ್ಲ. ಒಂದು ಪಟ್ಟಿ ದ್ರಾಕ್ಷಿ, ಒಂದು ಪಟ್ಟಿ ಗೋವಿನಜೋಳ, ಎರಡು ಎಮ್ಮೆ. ಸುತ್ತಲಿನ ತೋಟದ ಮನೆಗಳಲ್ಲಿ ಕ್ರೈಸ್ತರ ಮನೆ ನಮ್ಮದೊಂದೇ. ಭಾನುವಾರ ಅಥಣಿಯ ಚರ್ಚಿಗೆ ಹೋಗಿಬರುತ್ತೇವೆ, ಉಳಿದ ದಿನ ಅತ್ತೆಯ ಅಂಗಳವೇ ನಮಗೆ ಚರ್ಚು. ನನ್ನ ತವರು ನಿಪ್ಪಾಣಿ ಬದಿಯ ಅಕ್ಕೋಳ. ಅಲ್ಲಿ ನಾವು ದೇವರ ಜೊತೆ ಮರಾಠಿಯಲ್ಲೇ ಮಾತಾಡುತ್ತಿದ್ದೆವು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ನನ್ನ ಪ್ರಾರ್ಥನೆ ಕನ್ನಡಕ್ಕೆ ತಿರುಗಿತು. ಬೈಗುಳ ಮಾತ್ರ ಇವತ್ತಿಗೂ ಮರಾಠಿಯಲ್ಲೇ ಬರುತ್ತವೆ.

ಆ ಮರಾಠಿ ಬೈಗುಳದಿಂದಲೇ ಎಲ್ಲ ಶುರುವಾಯಿತು ಎಂದು ನನ್ನ ಗಂಡ ಹೇಳುತ್ತಾನೆ. ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. ನಡೆದದ್ದು ಇಷ್ಟು. ನಮ್ಮ ತೋಟದಿಂದ ಡಾಂಬರು ರಸ್ತೆಗೆ ಹೋಗುವ ಗಾಡಿಹಾದಿ ಪಕ್ಕದ ತೋಟದವನ ಕಬ್ಬಿನ ಅಂಚಿಗೆ ಹಾದುಹೋಗುತ್ತದೆ. ಅವನು ಊರಿನ ಹಳೆಯ ಒಕ್ಕಲುತನದ ಮನೆಯವನು, ಕಬ್ಬು ದ್ರಾಕ್ಷಿ ಎರಡೂ ಚೆನ್ನಾಗಿ ಇದ್ದವನು. ದಸರೆ ಮುಗಿದು ದ್ರಾಕ್ಷಿಯ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮಾಡಿಸಿದ ಮೇಲೆ ನಮ್ಮ ತೋಟಕ್ಕೆ ತಿಪ್ಪೆಗೊಬ್ಬರ ತಂದ ಟ್ರ್ಯಾಕ್ಟರು ತಿರುವಿನಲ್ಲಿ ಅವನ ಡ್ರಿಪ್ ಪೈಪಿನ ಮೇಲೆ ಹತ್ತಿತು. ಪೈಪು ಒಡೆಯಿತು. ಅವನು ಬಂದು ಕೂಗಾಡಿದ. ನನ್ನ ಗಂಡ ಕೈಮುಗಿದು, "ಹೊಸಾದು ಹಾಕಿಸಿ ಕೊಡತೀನ್ರಿ ಕಾಕಾ" ಎಂದ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವನು ಹೋಗುವವನು ತಿರುಗಿ ನಿಂತು, "ಬಾಯಾಗ ಯೇಸು, ಗಾಲಿ ಮಂದಿ ಪೈಪಿನ ಮ್ಯಾಲ" ಎಂದುಬಿಟ್ಟ.

ನನಗೆ ನೆತ್ತಿಗೇರಿತು. ಪೈಪಿಗೂ ಯೇಸುವಿಗೂ ಏನು ಸಂಬಂಧ? ಅವನ ಅಪ್ಪ, ಅಜ್ಜ, ಅಜ್ಜನ ಅಪ್ಪ, ಯಾರನ್ನೂ ಬಿಡದೆ ಅಕ್ಕೋಳದ ಮರಾಠಿಯಲ್ಲಿ ತೊಳೆದೆ. ನಮ್ಮ ಸೀಮೆಯಲ್ಲಿ ಮರಾಠಿ ಬಾರದವರು ಯಾರಿದ್ದಾರೆ? ಒಂದಕ್ಷರವೂ ಬಿಡದೆ ಅವನಿಗೆ ಅರ್ಥವಾಯಿತು. ಮರುದಿನ ಮುಂಜಾನೆ ನೋಡಿದರೆ ಗಾಡಿಹಾದಿಯ ಬಾಯಿಗೆ ಆಳೆತ್ತರ ಜಾಲಿಕಂಟಿಯ ಮುಳ್ಳುಬೇಲಿ ಬಿದ್ದಿತ್ತು. ನಡೆದು ಹೋಗುವವರಿಗೆ ಕೆನಾಲಿನ ದಂಡೆ ಇತ್ತು. ಗಾಡಿ, ಟ್ರ್ಯಾಕ್ಟರಿಗೆ ಅದೊಂದನ್ನು ಬಿಟ್ಟರೆ ಬೇರೆ ಹಾದಿಯೇ ಇರಲಿಲ್ಲ.

ದ್ರಾಕ್ಷಿ ಬೆಳೆಯದವರಿಗೆ ಇದರ ಬಿಸಿ ತಿಳಿಯಲಿಕ್ಕಿಲ್ಲ. ಚಾಟ್ನಿಯಾದ ಮೇಲೆ ಬಳ್ಳಿ ನಮ್ಮ ಜಗಳ ಮುಗಿಯಲಿ ಎಂದು ಕಾಯುವುದಿಲ್ಲ. ಚಿಗುರುತ್ತದೆ, ಕಾಯಾಗುತ್ತದೆ, ಬೇಸಿಗೆ ಮುಖಮಾಡುವಾಗ ಹಣ್ಣಾಗಿ ನಿಲ್ಲುತ್ತದೆ. ಆಗ ಕೊಯ್ದು, ಕ್ರೇಟಿಗೆ ತುಂಬಿ, ರಸ್ತೆಬದಿಯ ಒಣದ್ರಾಕ್ಷಿ ಶೆಡ್ಡಿಗೆ ಸಾಗಿಸಬೇಕು. ಆ ಹೊತ್ತಿಗೆ ಒಂದು ಅಡ್ಡಮಳೆ ಬಿದ್ದರೆ ಹಣ್ಣು ಬಳ್ಳಿಯ ಮೇಲೇ ಸೀಳಿ ಹುಳಿಯುತ್ತದೆ. ಕ್ರೇಟುಗಳನ್ನು ತಲೆಯ ಮೇಲೆ ಹೊತ್ತು ಕೆನಾಲು ಸುತ್ತಿಬಂದರೆ ಇಡೀ ತೋಟ ಯಾವ ಕಾಲಕ್ಕೆ ಖಾಲಿಯಾದೀತು? ಕಚೇರಿಗೆ ಅರ್ಜಿ ಕೊಡಿ ಎಂದು ನಾಲ್ಕು ಜನ ಹೇಳಿದರು. ಅರ್ಜಿ ಕದಲುವುದರೊಳಗೆ ದ್ರಾಕ್ಷಿ ಮಣ್ಣುಪಾಲು ಎಂಬುದು ಹೇಳಿದವರಿಗೂ ಗೊತ್ತಿತ್ತು. ಹೀಗಾಗಿ ನಮ್ಮ ಒಂದು ವರ್ಷದ ಅನ್ನ ಆ ಕಂಟಿಯ ಹಿಂದೆ ಸಿಕ್ಕಿಬಿದ್ದಿತ್ತು.

ಅದೇ ಸುಮಾರಿಗೆ ಒಂದು ಭಾನುವಾರ ನಮ್ಮ ಸಭಾಪಾಲಕರು ವೈರಿಗಳನ್ನು ಪ್ರೀತಿಸುವ ಬಗ್ಗೆ, ಕಾಡುವವರಿಗಾಗಿ ಪ್ರಾರ್ಥಿಸುವ ಬಗ್ಗೆ ಯೇಸುಸ್ವಾಮಿ ಹೇಳಿದ್ದನ್ನು ತೆಗೆದುಕೊಂಡು ಮಾತಾಡಿದರು. ಚಿಕ್ಕಂದಿನಿಂದ ಕೇಳಿದ ಮಾತೇ. ಆಗೆಲ್ಲ ಬಹಳ ಚೆಂದ ಅನ್ನಿಸುತ್ತಿತ್ತು, ಏಕೆಂದರೆ ಆಗ ನನಗೆ ವೈರಿಗಳೇ ಇರಲಿಲ್ಲ. ಆ ಭಾನುವಾರ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ಬಸ್ಸಿನಲ್ಲಿ ಮರಳುವಾಗ ಅತ್ತೆ ಕಿಟಕಿಯ ಹೊರಗೆ ನೋಡುತ್ತಲೇ ಅಂದರು, "ಇವತ್ತಿಂದ ಅವನ ಹೆಸರೂ ತಗೊಳ್ಳೂಣು."

"ನನ್ನ ಬಾಯಾಗ ಅವನ ಹೆಸರು ಬರಂಗಿಲ್ರಿ" ಅಂದೆ.

"ಬೈಯುವಾಗ ಬರತೈತಲ್ಲ. ಅದಽ ಹೆಸರು. ಹೊಸಾದೇನ ಕಲಿಯೂದೈತಿ?"

ಸಂಜೆ ನನ್ನ ಪಾಳಿ ಬಂದಾಗ ಹಲ್ಲು ಕಚ್ಚಿ ಹೇಳಿದೆ. "ಕರ್ತನೇ, ಪಕ್ಕದ ತೋಟದವನಿಗೆ ಒಳ್ಳೆಯ ಬುದ್ಧಿ ಕೊಡು." ಅತ್ತೆ ಕಣ್ಣು ತೆರೆದರು. "ಇದು ಪ್ರಾರ್ಥನಾ ಅಲ್ಲ, ಚಾಡಿ. ಅವನ ಬುದ್ಧಿ ಕೆಟ್ಟೈತಿ ಅಂತ ದೇವರ ಮುಂದ ದೂರು ಹೇಳಿದಂಗಾತು. ಅವಗ ಏನ ಬೇಕಾಗೈತಿ, ಅದನ್ನ ತಿಳಕೊಂಡ ಬಾ. ಅದನ್ನ ಬೇಡು." ವೈರಿಗೆ ಏನು ಬೇಕು ಎಂದು ವಿಚಾರಿಸಿಕೊಂಡು ಬರಬೇಕಂತೆ. ಹಿಟ್ಟಿನ ಗಿರಣಿಗೆ ಹೊರಟಾಗ ದಾರಿಯುದ್ದಕ್ಕೂ ಅತ್ತೆಯನ್ನೂ ಸೇರಿಸಿ ಬೈದುಕೊಂಡೇ ಹೋದೆ.

ಗಿರಣಿಯಲ್ಲಿ ಕೇಳಿದರೆ ಸಿಗದ ಸುದ್ದಿ ಯಾವುದಿದೆ? ಹೆಂಗಸರು ಹಿಟ್ಟು ಬೀಸಿಸಿಕೊಳ್ಳುವುದರೊಳಗೆ ಅವನ ಮನೆಯನ್ನೆಲ್ಲ ಜರಡಿ ಹಿಡಿದು ಹೇಳಿದರು. ಅವನಿಗೆ ಮೊಣಕಾಲು ನೋವು, ರಾತ್ರಿ ನರಳುತ್ತಾನೆ. ಅವನ ಆಕಳು ಕೆಚ್ಚಲು ಬಾವು ಬಂದು ಹಾಲು ಕೊಡುವುದು ಬಿಟ್ಟಿದೆ. ಮಗಳು ಬಸುರಿ, ಇನ್ನೂ ತಿಂಗಳುಗಳಿರುವಾಗಲೇ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಹೋದ ಸಲ ದಿನ ತುಂಬುವ ಮುಂಚೆಯೇ ಕೂಸು ಕಳೆದುಕೊಂಡವಳು, ಈ ಸಲ ಅಂಜಿಕೆಯಿಂದ ಅರ್ಧವಾಗಿದ್ದಾಳೆ. ಇದನ್ನು ಕೇಳಿ ನನ್ನ ಮನಸ್ಸು ಕರಗಿತು ಎಂದರೆ ಸುಳ್ಳಾದೀತು. ಅತ್ತೆಗೆ ಒಪ್ಪಿಸಲು ಸುದ್ದಿ ಸಿಕ್ಕಿತಲ್ಲ ಎಂದಷ್ಟೇ ಅಂದುಕೊಂಡೆ.

ಅತ್ತೆ ಕೆಲಸ ಹಂಚಿದರು. ಮೊಣಕಾಲು ನನ್ನ ಗಂಡನಿಗೆ, ಆಕಳು ಅವರಿಗೆ, ಮಗಳ ಹೆರಿಗೆ ನನಗೆ. ಅಂದಿನಿಂದ ದಿನಾ ಸಂಜೆ ಬೇಡಿದೆವು. ನಾನು ಒಂದು ಉಪಾಯ ಮಾಡಿದೆ. ಅವನ ಹೆಸರು, ಮಗಳ ಹೆಸರು ಬಂದಾಗ ದನಿ ಏರಿಸಿ ಒದರುತ್ತಿದ್ದೆ. ಅವರ ಮನೆ ನಮ್ಮಿಂದ ಒಂದು ಕೂಗಳತೆ. ಕೇಳಲಿ ಮಗ. ನೀನು ಕಂಟಿ ಹಚ್ಚಿದ್ದೀ, ನಾವು ನಿನ್ನ ಮಗಳಿಗಾಗಿ ದೇವರ ಕಾಲು ಹಿಡಿದಿದ್ದೇವೆ, ನಾಚಿಕೆಯಾಗಲಿ ನಿನಗೆ. ಹೆಸರು ಮುಗಿದ ಮೇಲೆ ಉಳಿದದ್ದನ್ನು ಬಾಯಿಪಾಠದಂತೆ ಗೊಣಗಿ ಮುಗಿಸುತ್ತಿದ್ದೆ. ಕೊನೆಗೆ ಎಲ್ಲರೂ ಕೂಡಿ ಜೋರಾಗಿ ಆಮೆನ್. ವೈರಿಗಾಗಿ ಪ್ರಾರ್ಥಿಸುವುದು ಅಷ್ಟೇನೂ ಕಷ್ಟವಲ್ಲ ಬಿಡು ಎಂದು ನನಗೆ ನನ್ನ ಬಗ್ಗೆಯೇ ಅಭಿಮಾನ ಬಂದಿತ್ತು.

ದ್ರಾಕ್ಷಿ ಹಣ್ಣಾಯಿತು. ಕಂಟಿ ಇದ್ದಲ್ಲೇ ಇತ್ತು. ಕೊಯ್ಲಿಗೆ ಕೈಹಚ್ಚಲು ರಾಯಬಾಗದಿಂದ ನನ್ನ ಮೈದುನ ಬಂದಿದ್ದ. ಗಂಡನ ಚಿಕ್ಕಪ್ಪನ ಮಗ. ಅವನು ಈಚೆಗೆ ಬೇರೊಂದು ಪ್ರಾರ್ಥನಾ ಗುಂಪಿಗೆ ಹೋಗುತ್ತಿದ್ದ, ಅಲ್ಲಿ ಸೈತಾನನನ್ನು ಹೆಸರು ಹಿಡಿದು ಓಡಿಸುತ್ತಾರಂತೆ. ಅವನು ಬಂದ ಮರುದಿನ ಮುಂಜಾನೆ ನಾನು ಎಮ್ಮೆಗೆ ಹುಲ್ಲು ತರಲು ಹೋದವಳು ಕಂಟಿಯ ಬುಡದಲ್ಲಿ, ನಮ್ಮ ಬದಿಗೆ, ಒಂದು ಲಿಂಬೆಹಣ್ಣು ಕಂಡೆ. ಮೈತುಂಬ ಸೂಜಿ ಚುಚ್ಚಿತ್ತು. ಮೇಲೆ ಕುಂಕುಮ, ಕೆಳಗೆ ಕರಿಬಟ್ಟೆಯ ತುಂಡು.

ನಾವು ಕ್ರೈಸ್ತರು, ಮಾಟಮಂತ್ರಕ್ಕೆ ಅಂಜುವವರಲ್ಲ ಎಂದು ಬಾಯಲ್ಲಿ ಹೇಳುವುದು ಬೇರೆ, ಹೊತ್ತು ಹುಟ್ಟುವ ಮುಂಚೆ ಒಬ್ಬಳೇ ನಿಂತು ಅದನ್ನು ನೋಡುವುದು ಬೇರೆ. ಕೂಗಿದೆ. ಮೈದುನ ಓಡಿಬಂದ. ನೋಡಿದವನೇ ಆ ಮನೆಯ ಕಡೆ ಕೈಚಾಚಿ ಶುರುಮಾಡಿದ. "ಸುಟ್ಟು ಹೋಗು. ಬಿಟ್ಟು ಹೋಗು. ಆ ಮನೆಯಿಂದ ಹೊರಗೆ ಬಾ." ದನಿ ಎಂದರೆ ಕೆನಾಲಿನಾಚೆಗೂ ಕೇಳಬೇಕು. ನನಗೂ ಹುರುಪು ಬಂತು. ಇಷ್ಟು ದಿನ ಅವನಿಗಾಗಿ ಬೇಡಿದ್ದಕ್ಕೆ ಇದೇನಾ ಫಲ ಎಂದು ನಾನೂ ಪಕ್ಕದಲ್ಲಿ ನಿಂತು ಒಂದೊಂದು ಮಾತಿಗೂ ಆಮೆನ್ ಸೇರಿಸಿದೆ. ಬಹಳ ದಿನಕ್ಕೆ ಎದೆ ಹಗುರಾದಂತಿತ್ತು.

ಅತ್ತೆ ಸಗಣಿ ಬುಟ್ಟಿ ಹಿಡಿದು ಬಂದರು. "ಯಾರಿಗೆ ಹೇಳಾಕತ್ತೀಯೋ?"

"ಸೈತಾನಗ ದೊಡ್ಡವ್ವ. ಆ ಮನಿಯೊಳಗ ಹೊಕ್ಕಾನ."

ಅತ್ತೆ ಬುಟ್ಟಿ ಇಳಿಸಿ, ಬಗ್ಗಿ ಲಿಂಬೆಹಣ್ಣು ಕೈಗೆತ್ತಿಕೊಂಡರು. ನಾನು ಹಾ ಎನ್ನುವುದರೊಳಗೆ ಒಂದೊಂದೇ ಸೂಜಿ ಕಿತ್ತು ಸೆರಗಿಗೆ ಚುಚ್ಚಿಕೊಂಡರು. "ಜಂಗ ಹತ್ತಿಲ್ಲ. ಕೌದಿ ಹೊಲಿಯಾಕ ಬರತಾವು" ಎಂದು ಹಣ್ಣನ್ನು ತಿಪ್ಪೆಗೆ ಎಸೆದರು. ಆಮೇಲೆ ಮೈದುನನ ಕಡೆ ತಿರುಗಿದರು.

"ಸೈತಾನ ಅದಾನ. ಇಲ್ಲ ಅನ್ನಂಗಿಲ್ಲ ನಾ. ಆದ್ರ ಲಿಂಬಿಹಣ್ಣಾಗ ಕುಂಡ್ರುವಷ್ಟು ಸಣ್ಣಾವಲ್ಲ ಅವ. ಅವನ ಕಸಬು ಒಂದಽ, ಚಾಡಿ. ಈ ಮನಿಗೆ ಬಂದು ಅವರ ಮ್ಯಾಲ ಹೇಳತಾನ, ಆ ಮನಿಗೆ ಹೋಗಿ ನಮ್ಮ ಮ್ಯಾಲ ಹೇಳತಾನ. ನಡುವ ಮಾತು ನಿಂತ್ರ ಅವನ ಕೆಲಸ ಆತು. ನೀವು ಮನಷ್ಯಾರ ಕಡೆ ಕೈ ಮಾಡಿ ಹಿಂಗ ಚೀರಿದ್ರ ಅವ ಓಡತಾನೇನು? ಆರಾಮ ಕುಂತ ಕೇಳತಾನ."

ಮೈದುನ ತಲೆ ತಗ್ಗಿಸಿದ. ನಾನು ತಗ್ಗಿಸಲಿಲ್ಲ. ಸೂಜಿ ಚುಚ್ಚಿದ್ದು ನಮಗೆ, ಬುದ್ಧಿ ಹೇಳುವುದೂ ನಮಗೇ ಎಂದು ಒಳಗೊಳಗೇ ಕುದಿಯುತ್ತ ಹುಲ್ಲು ಕೊಯ್ದೆ.

ಮಧ್ಯಾಹ್ನದ ಹೊತ್ತಿಗೆ ಕಾಗವಾಡದ ದಿಕ್ಕಿನಿಂದ ಮೋಡ ಏರಿತು. ಎಲ್ಲರ ಮೊಬೈಲಿನಲ್ಲೂ ಒಂದೇ ಸುದ್ದಿ, ಎರಡು ಮೂರು ದಿನದಲ್ಲಿ ಅಡ್ಡಮಳೆ. ನನ್ನ ಗಂಡ ಬಳ್ಳಿಗಳ ಕೆಳಗೆ ಸುಮ್ಮನೆ ಅಡ್ಡಾಡಿದ. ಊಟಕ್ಕೆ ಕರೆದರೆ ಬರಲಿಲ್ಲ. ಕೊಯ್ಲಿನ ಆಳುಗಳಿಗೆ ಬನ್ನಿ ಎನ್ನಬೇಕೋ ಬೇಡವೋ ಎಂಬುದೂ ತಿಳಿಯದೆ ಫೋನು ಕೈಯಲ್ಲಿ ಹಿಡಿದುಕೊಂಡೇ ಇದ್ದ.

ಸಂಜೆ, ಚಾಪೆ ಹಾಸುವ ಹೊತ್ತಿಗೆ, ಕೆನಾಲಿನ ದಂಡೆಯ ಮೇಲೆ ಹಾದು ಪಕ್ಕದ ತೋಟದವನು ಬಂದ. ಒಬ್ಬನೇ. ಅಂಗಳಕ್ಕೆ ಕಾಲಿಡದೆ ಆಚೆಯೇ ನಿಂತ. ತಲೆಯ ಟೊಪ್ಪಿಗೆ ಕೈಯಲ್ಲಿತ್ತು. ನಾನು ಜಗಳಕ್ಕೇ ಬಂದ ಎಂದು ಸೆರಗು ಕಟ್ಟಿಕೊಂಡು ಎದ್ದುನಿಂತೆ. ಅವನು ನನ್ನ ಕಡೆ ನೋಡಲೇ ಇಲ್ಲ. ಅತ್ತೆಗೆ ಹೇಳಿದ.

"ಕಾಕೂ, ನಾ ಸೋತೆ. ಈಗಿಂದೀಗ ಕಂಟಿ ತಗೀತೀನಿ. ನಿಮ್ಮ ಟ್ರ್ಯಾಕ್ಟರ್ ಬೇಕಾದಷ್ಟ ಸಲ ಹೋಗ್ಲಿ, ಬರ್ಲಿ. ನನ್ನ ಮಗಳ ಹೆಸರ ಒಂದ ಬಿಡ್ರಿ."

ನಮಗೆ ಯಾರಿಗೂ ತಿಳಿಯಲಿಲ್ಲ. ಅವನೇ ಮುಂದುವರಿಸಿದ. "ದಿನಾ ಸಂಜಿಗೆ ನನ್ನ ಹೆಸರು, ಆಕಿ ಹೆಸರು. ಕಣ್ಣ ಮುಚ್ಚಿ, ಎಲ್ಲಾರೂ ಕೂಡಿ. ಏನ ಮಂತ್ರಾ ಹಾಕತೀರೋ, ಏನೋ. ಇವತ್ತ ಮುಂಜಾನಿ ಸುಟ್ಟ ಹೋಗು ಅಂತಾನೂ ಅಂದ್ರಿ. ನನಗ ಏನರ ಮಾಡ್ರಿ, ತಡಕೋತೀನಿ. ಆಕಿ ಒಂದು ಕಳಕೊಂಡಾಳ. ಇದು ಕಳಕೊಂಡ್ರ ಆಕೀನೂ ಉಳಿಯಂಗಿಲ್ಲ."

ಆಗ ತಿಳಿಯಿತು. ಅವನ ಕಿವಿಗೆ ಬಿದ್ದದ್ದು ಹೆಸರುಗಳು ಮತ್ತು ಆಮೆನ್. ನಡುವಿನದ್ದು ಯಾವುದೂ ಬಿದ್ದಿರಲಿಲ್ಲ. ಹಗೆ ಇದ್ದವರ ಮನೆಯಲ್ಲಿ, ಮುಚ್ಚಂಜೆಯಲ್ಲಿ, ಕಣ್ಣು ಮುಚ್ಚಿ ಕೂತ ಮಂದಿ ಬಸುರಿ ಹೆಣ್ಣಿನ ಹೆಸರನ್ನು ದಿನಾ ಕೂಗಿದರೆ ನಮ್ಮ ಸೀಮೆಯಲ್ಲಿ ಯಾರಾದರೂ ಏನೆಂದು ತಿಳಿಯಬೇಕು? ನಾವು ಅವನ ಮಗಳಿಗೆ ಮಾಟ ಮಾಡಿಸುತ್ತಿದ್ದೇವೆ ಎಂದು ಅವನು ನಂಬಿದ್ದ. ಲಿಂಬೆಹಣ್ಣು ತಾನೇ ಇಟ್ಟದ್ದೆಂದೂ ಒಪ್ಪಿಕೊಂಡ. ಅದು ನಮ್ಮನ್ನು ಕೆಡಿಸಲು ಇಟ್ಟದ್ದಲ್ಲ, ನಮ್ಮ ಪ್ರಾರ್ಥನೆ ಬೇಲಿ ದಾಟಿ ಬರದಿರಲಿ ಎಂದು ಇಟ್ಟದ್ದು. ಕರೋಶಿಯಲ್ಲಿದ್ದ ಅವನ ಹೆಂಡತಿಯ ಕಡೆಯ ಹಿರಿಯಳೊಬ್ಬಳು ಹೇಳಿಕೊಟ್ಟಿದ್ದಳಂತೆ.

ಈಗ ಹೇಳುತ್ತೇನೆ, ಆ ಕ್ಷಣಕ್ಕೆ ನನಗೆ ಅಯ್ಯೋ ಎನ್ನಿಸಲಿಲ್ಲ. ಖುಷಿಯಾಯಿತು. ಹಾದಿ ಬಿಟ್ಟಿತಲ್ಲ. ಮೋಡ ತಲೆಯ ಮೇಲಿದೆ, ರಾತ್ರಿಯೇ ಆಳುಗಳಿಗೆ ಫೋನು ಮಾಡಬಹುದು, ಹೊತ್ತು ಮೂಡುತ್ತಲೇ ಕೊಯ್ಯಬಹುದು. ನಾವೇನು ಸುಳ್ಳು ಹೇಳಿದೆವೇ? ಅವನೇ ತಪ್ಪು ತಿಳಿದ, ತಿಳಿಯಲಿ ಬಿಡು. ಬಾಯಿ ಬಿಡಬೇಡ ಎಂದು ಗಂಡನಿಗೆ ಕಣ್ಣುಸನ್ನೆ ಮಾಡಿದೆ. ಇನ್ನೂ ಒಂದು ಇತ್ತು. ಅಷ್ಟು ದೊಡ್ಡ ಮನೆಯ ಯಜಮಾನ ನನಗೆ ಅಂಜಿ ಟೊಪ್ಪಿಗೆ ಕೈಯಲ್ಲಿ ಹಿಡಿದು ನಿಂತಿದ್ದ. ಅದರಲ್ಲಿ ಒಂದು ರುಚಿ ಇತ್ತು, ಸುಳ್ಳೇಕೆ ಹೇಳಲಿ.

ಅತ್ತೆ ಬಿಡಿಸುತ್ತಿದ್ದ ಶೇಂಗಾ ಪಕ್ಕಕ್ಕಿಟ್ಟರು. "ತಮ್ಮಾ, ಕಂಟಿ ಇದ್ದಲ್ಲೇ ಇರಲಿ" ಅಂದರು.

ನಾನು ಒಂದು ಹೆಜ್ಜೆ ಮುಂದೆ ಬಂದೆ. ಅತ್ತೆ ಮಾತು ನಿಲ್ಲಿಸಲಿಲ್ಲ.

"ಹಿಂಗ ಅಂಜಿ ಬಿಟ್ಟ ಹಾದಿ ಮ್ಯಾಲ ನಮ್ಮ ಗಾಲಿ ಹಾಯಂಗಿಲ್ಲ."

"ಅತ್ತಿ, ಮ್ಯಾಲ ಮೋಡ ನೋಡ್ರಿ" ಅಂದೆ. ಅಂದದ್ದಲ್ಲ, ಚೀರಿದೆ.

"ನೋಡೇನಿ. ನೀ ಅವನ ಮಾರಿ ನೋಡು."

ನೋಡಿದೆ. ಬೆಳಕು ಇನ್ನೂ ಇತ್ತು. ಅವನ ಕಣ್ಣು ಕೆಂಪಾಗಿದ್ದವು. ಕೆಳತುಟಿ ಅದುರುತ್ತಿತ್ತು, ಅದನ್ನು ಹಿಡಿಯಲು ಹಲ್ಲಿನಿಂದ ಒತ್ತಿಕೊಂಡಿದ್ದ. ಮಗಳ ಸಲುವಾಗಿ ಅಂಜಿದ ಒಬ್ಬ ಅಪ್ಪ ನಿಂತಿದ್ದ, ಅಷ್ಟೇ. ನನ್ನ ವೈರಿಯನ್ನು ಹುಡುಕಿದರೂ ಆ ಮುಖದಲ್ಲಿ ಸಿಗಲಿಲ್ಲ. ನನ್ನ ಬಾಯಿಗೆ ಬಂದಿದ್ದ ರುಚಿ ಅಲ್ಲಿಗೇ ಕೆಟ್ಟಿತು.

ಅತ್ತೆ ಅವನಿಗೆ, "ನಾವು ಏನ ಬೇಡತೀವಿ ಅನ್ನೂದನ್ನ ನಿನ್ನ ಕಿವಿಲೆ ಕೇಳು. ಕೇಳಿ ಆಮ್ಯಾಲ ನಿನಗ ತಿಳದಂಗ ಮಾಡು" ಅಂದರು. ಅವನು ಕೂರಲು ಒಪ್ಪಲಿಲ್ಲ. ಓಡಲು ಸಿದ್ಧನಾದವನಂತೆ ಅಂಗಳದ ಅಂಚಿಗೇ ನಿಂತ. ನಾವು ಚಾಪೆಯ ಮೇಲೆ ಕೂತೆವು. ನನ್ನ ಗಂಡ ತಡವರಿಸುತ್ತ ಅವನ ಮೊಣಕಾಲಿನ ನೋವು ಇಳಿಯಲಿ ಎಂದು ಬೇಡಿದ. ಅತ್ತೆ ಆಕಳ ಕೆಚ್ಚಲು ವಾಸಿಯಾಗಲಿ ಎಂದು ಬೇಡಿದರು. ನನ್ನ ಪಾಳಿ ಬರುವ ಮುಂಚೆ, "ಮಗಳದ್ದು ಇವತ್ತ ನಾ ಹೇಳತೀನಿ" ಎಂದು ತಡೆದು, ಅವರೇ ಹೇಳಿದರು. ಅವಳಿಗೆ ನಿದ್ದೆ ಬರಲಿ, ಅಂಜಿಕೆ ಬಿಡಲಿ, ಕೂಸು ದಿನ ತುಂಬಿ ಬರಲಿ, ತಾಯಿ ಮಗು ಇಬ್ಬರೂ ಅಪ್ಪನ ಅಂಗಳದಲ್ಲಿ ಉಳಿಯಲಿ. ನಾವು ಆಮೆನ್ ಅಂದೆವು, ಮೆತ್ತಗೆ.

ಅವನು ಅಂಗಳದೊಳಕ್ಕೆ ಒಂದು ಹೆಜ್ಜೆ ಇಟ್ಟ. ಆಮೇಲೆ ಕೇಳಿದ, "ಇಷ್ಟಽ ಏನ್ರಿ?"

"ಇಷ್ಟಽ" ಅಂದರು ಅತ್ತೆ.

"ದಿನಾ ಇದಽ?"

"ದಿನಾ ಇದಽ. ಮೊಣಕಾಲು ಎಡಗಡಿದೋ ಬಲಗಡಿದೋ ಗೊತ್ತಿರಲಿಲ್ಲ. ಯಾವುದಪಾ?"

"ಎಡಗಡಿದ್ರಿ" ಅಂದ. ಹೇಳಿ, ಏನೋ ನೆನಪಾದಂತೆ ಮೈದುನನ ಕಡೆ ಬೆರಳು ತೋರಿಸಿದ. "ಮತ್ತ ಇಂವ ಮುಂಜಾನಿ ಸುಟ್ಟ ಹೋಗು ಅಂದ್ನಲ್ರಿ?"

"ಅದು ನಿಮಗಲ್ರಿ ಕಾಕಾ, ಸೈತಾನಗ ಅಂದೆ" ಅಂದ ಮೈದುನ. ಅವನ ದನಿ ಪಾತಾಳಕ್ಕೆ ಇಳಿದಿತ್ತು.

"ಅವ ನಮ್ಮ ಮನ್ಯಾಗ ಅದಾನೇನು?"

"ನಿಮ್ಮ ಮನ್ಯಾಗಿಲ್ಲ. ಇವನ ಮಾತಿಗೆ ಕಿವಿಗೊಡಬ್ಯಾಡ" ಅಂದರು ಅತ್ತೆ. "ಎರಡೂ ಮನಿ ನಡುವ ಓಡ್ಯಾಡಾಕತ್ತಾನ. ಅಷ್ಟ ಹಾದಿ ನಾವಽ ಬಿಟ್ಟೇವಿ ಅವಗ. ಮತ್ತ ನಿನ್ನ ಸೂಜಿ ನಾ ತಗೊಂಡೇನಿ, ತಿರುಗಿ ಕೊಡಂಗಿಲ್ಲ."

ಅವನ ಮುಖದ ಮೇಲೆ ನಗೆಯಂಥದ್ದು ಒಂದು ಬಂದು ಹೋಯಿತು. ಟೊಪ್ಪಿಗೆ ತಲೆಗೆ ಇಟ್ಟುಕೊಂಡ. ಹಾದಿಯ ಬಗ್ಗೆ ಒಂದು ಮಾತೂ ಆಡದೆ ಬಂದ ದಂಡೆಯ ಮೇಲೇ ತಿರುಗಿ ಹೋದ. ನಾನು ಅತ್ತೆಗೆ ಅನ್ನ ಬಡಿಸಿದೆ, ಮಾತಾಡಿಸಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಸಿಟ್ಟು ಒಂದು ಕಡೆ, ಆ ಅದುರುವ ತುಟಿ ಇನ್ನೊಂದು ಕಡೆ. ಎರಡರ ನಡುವೆ ನನಗೆ ನಿದ್ದೆಯೂ ಸರಿಯಾಗಿ ಬರಲಿಲ್ಲ.

ಮುಂಜಾನೆ ನೆಲಕ್ಕೆ ಏನೋ ಎಳೆಯುವ ಸಪ್ಪಳಕ್ಕೆ ಎದ್ದೆ. ಹೊರಗೆ ಬಂದು ನೋಡಿದರೆ ಅವನೂ ಅವನ ಹೆಂಡತಿಯೂ ಕಂಟಿಗೆ ಹಗ್ಗ ಹಾಕಿ ಎಳೆಯುತ್ತಿದ್ದರು. ಎಡಗಾಲು ಊರಲಾಗದೆ ಕುಂಟುತ್ತಲೇ ಎಳೆಯುತ್ತಿದ್ದ. ನನ್ನ ಗಂಡ, ಮೈದುನ ಓಡಿಹೋಗಿ ಕೈಹಚ್ಚಿದರು. ಅವನು ಬೆವರು ಒರೆಸಿಕೊಂಡು ನನ್ನ ಗಂಡನಿಗೆ, "ಟ್ರ್ಯಾಕ್ಟರ್ ತರಸು. ಅಂಜಿ ಬಿಟ್ಟಿದ್ದಲ್ಲ ಮತ್ತ, ನಿಮ್ಮವ್ವಗ ಹೇಳು" ಅಂದ. ಅತ್ತೆ ಅಂಗಳದಲ್ಲಿ ಎಮ್ಮೆ ಹಿಂಡುತ್ತಿದ್ದರು. ಅವರಿಗೆ ಕೇಳಿಸಿತ್ತು. ಚರಿಗೆ ಕೆಳಗಿಟ್ಟು, ಸೆರಗಿನಿಂದ ಕಣ್ಣು ಒರೆಸಿಕೊಂಡು, ಮತ್ತೆ ಹಿಂಡಲು ಕೂತರು. ಅಲ್ಲಿಯವರೆಗೆ ಅವರಿಗೂ ಅಂಜಿಕೆ ಇತ್ತು ಎಂಬುದು ನನಗೆ ಆಗ ತಿಳಿಯಿತು. ನನ್ನ ಸಿಟ್ಟೆಲ್ಲ ಇಳಿದುಹೋಯಿತು.

ಮಳೆ ಬಂತು ಖರೆ. ಆದರೆ ನಮ್ಮ ಮಾಲು ಶೆಡ್ಡಿನೊಳಗೆ ಸೇರಿದ ಮೇಲೆ ಬಂತು. ತಗಡಿನ ಮೇಲೆ ಹನಿ ಬೀಳುವ ಸಪ್ಪಳ ಕೇಳುತ್ತ, ಒಳಗೆ ಸಾಲಾಗಿ ಹರಡಿದ ದ್ರಾಕ್ಷಿ ನೋಡುತ್ತ, ನನ್ನ ಗಂಡ ಅಲ್ಲೇ ಗೋಣಿಚೀಲದ ಮೇಲೆ 'ಉಸ್' ಎಂದು ಕೂತುಬಿಟ್ಟ. ಅವರ ಮನೆಯಲ್ಲಿ ಕೂಸೂ ದಿನ ತುಂಬಿ ಬಂತು, ಗಂಡು. ನಮ್ಮ ಪ್ರಾರ್ಥನೆಯಿಂದಲೋ, ಅವರ ಕುಲದೇವರಿಂದಲೋ, ಅಥಣಿಯ ಡಾಕ್ಟರಿಂದಲೋ ಎಂದು ನಾವ್ಯಾರೂ ವಾದಕ್ಕಿಳಿಯಲಿಲ್ಲ. ಪೇಢೆ ಕೊಟ್ಟರು, ತಿಂದೆವು.

ಆದರೆ ನಾನು ಹೇಳಬೇಕಾದದ್ದು ಕಂಟಿ ತೆಗೆದ ಆ ಮುಂಜಾನೆಯದೇ. ಆಳುಗಳು ಬಂದಿದ್ದರು, ಎಲ್ಲರೂ ಕೊಯ್ಲಿಗೆ ಬಿದ್ದಿದ್ದೆವು. ನಾನು ಬಳ್ಳಿಯ ಕೆಳಗೆ ಕತ್ತರಿ ಹಿಡಿದು ಗೊನೆ ಬಿಡಿಸುತ್ತಿದ್ದೆ. ತೆರೆದ ಹಾದಿಯಲ್ಲಿ ಟ್ರ್ಯಾಕ್ಟರಿಗಿಂತ ಮೊದಲು ಬಂದವಳು ಅವನ ಮಗಳು. ಸೊಂಟಕ್ಕೆ ಒಂದು ಕೈ ಕೊಟ್ಟು, ಮೆಲ್ಲಗೆ ನಡೆದು ಬಂದು, ನನ್ನ ಎದುರು ಮಗುಚಿಟ್ಟ ಕ್ರೇಟಿನ ಮೇಲೆ ಕೂತಳು. ಅಷ್ಟು ದಿನ ಹೆಸರು ಒದರಿದ್ದೆ, ಅವಳ ಮುಖ ಹತ್ತಿರದಿಂದ ನೋಡಿದ್ದು ಅದೇ ಮೊದಲು. ಕಣ್ಣಿನ ಕೆಳಗೆ ಕಪ್ಪುಗಟ್ಟಿತ್ತು.

"ದಿನಾ ಸಂಜಿಗೆ ನಿಮ್ಮ ದನಿ ಬಂದ ಕೂಡ್ಲೆ ನಾ ಹೊಟ್ಟಿ ಮ್ಯಾಲ ಎರಡೂ ಕೈ ಇಟ್ಟಕೊಂಡ ಕುಂಡ್ರತಿದ್ನಿರಿ ವೈನಿ" ಅಂದಳು. "ಮುಗಿಯೂತನಕ ತಗೀತಿರಲಿಲ್ಲ."

ನನ್ನ ಕೈಯಲ್ಲಿನ ಕತ್ತರಿ ನಿಂತಿತು.

"ಅಪ್ಪ ಈಗ ಹೇಳ್ಯಾನ, ಒಳ್ಳೇದಽ ಬೇಡತಿದ್ರಂತ. ನೀವು ಖರೇನ ಮನಸಿನಿಂದ ಬೇಡತಿದ್ರೇನು?"

ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು. ಅವಳ ಕಣ್ಣು ನೋಡಿ ಬಾಯಿಗೆ ಸುಳ್ಳು ಬರಲಿಲ್ಲ. "ಇಲ್ಲವ್ವ" ಅಂದೆ. "ನಿಮ್ಮಪ್ಪಗ ನಾಚಿಕಿ ಆಗ್ಲಿ ಅಂತ ಒದರತಿದ್ನಿ."

ಅವಳು ಎದ್ದು ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ.

"ಹಂಗಿದ್ರ ಈಗ ಒಮ್ಮಿ ಬೇಡ್ರಿ" ಅಂದಳು. "ಮೆಲ್ಲಕ."

ಕತ್ತರಿ ಕೆಳಗಿಟ್ಟೆ. ಕೈಗೆಲ್ಲ ದ್ರಾಕ್ಷಿಯ ಅಂಟು. ಸೀರೆಗೆ ಒರೆಸಿಕೊಂಡರೂ ಹೋಗಲಿಲ್ಲ. ಅವಳೇ ನನ್ನ ಅಂಟುಗೈ ಹಿಡಿದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಒಳಗೆ ಅದು ಒಮ್ಮೆ ಮಿಸುಕಿತು. ನಾನು ಅವಳ ಹೆಸರು ಹೇಳಿದೆ. ಮುಂದಿನ ಮಾತು ಬಾಯಿಪಾಠವಾಗಿದ್ದರೂ ಅವತ್ತು ನೆನಪಾಗಲಿಲ್ಲ. ಹೊಸದಾಗಿ ಹುಡುಕಬೇಕಾಯಿತು.

ಅಷ್ಟರಲ್ಲಿ ಹಾದಿಯ ಬಾಯಿಗೆ ಟ್ರ್ಯಾಕ್ಟರು ಬಂದು ಹಾರ್ನು ಹೊಡೆಯಿತು. ನನ್ನ ಗಂಡ ಆಚೆಯ ಸಾಲಿನಿಂದ, "ಬಂತ ನೋಡ, ಕ್ರೇಟ್ ತಗೊಂಡ ಬಾ" ಎಂದು ಕೂಗಿದ. ಕಂಟಿ ಬಿದ್ದ ದಿನದಿಂದ ನಾನು ಕಾದು ಕೂತದ್ದೇ ಆ ಹಾರ್ನಿಗಾಗಿ.

"ನಿಂದರ್ಲಿ" ಅಂದೆ.